ಬಣ್ಣದ ಹಾಳೆಯೊಳಗಿನ ಮನೆ



ಪತ್ರಿಕೆಗಳ ಚರಿತ್ರೆ ಬರೆಯುವವರು ಸಂಪಾದಕೀಯಗಳನ್ನು ಓದುತ್ತಾರೆ, ಧಾರಾವಾಹಿಗಳ ಪಟ್ಟಿ ಮಾಡುತ್ತಾರೆ, ಅಂಕಣಕಾರರ ಕೊಡುಗೆಯನ್ನು ಸ್ಮರಿಸುತ್ತಾರೆ. ಜಾಹೀರಾತುಗಳತ್ತ ಅವರ ಕಣ್ಣು ಹೋಗುವುದು ಅಪರೂಪ. ಹಳೆಯ ಸಂಚಿಕೆಗಳನ್ನು ಸೇರಿಸಿ ರಟ್ಟು ಕಟ್ಟಿಸುವಾಗ ಎಷ್ಟೋ ಗ್ರಂಥಾಲಯಗಳಲ್ಲಿ ರಕ್ಷಾಪುಟಗಳನ್ನು ಕಿತ್ತು ಬದಿಗಿಡುವ ರೂಢಿಯಿತ್ತು. ಹೀಗೆ ಕಳೆದುಹೋದ ಹಾಳೆಗಳನ್ನೇ ಮನೆಯ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದರು. ಅಕ್ಷರ ಇನ್ನೂ ಕೂಡದ ಮಗುವಿಗೆ ಕಥೆ ಓದಲು ಬಾರದು. ಹಿಂಪುಟದ ಬಿಸ್ಕತ್ತು, ಸೋಪು, ಗಡಿಯಾರ, ನಗುವ ತಾಯಿ ಇವನ್ನೆಲ್ಲ ನೋಡಲು ಓದು ಬೇಕಿಲ್ಲ.

ಪತ್ರಿಕೆಗಳ ಜಾಹೀರಾತುಗಳು ಮಗುವಿನ ಮನಸ್ಸಿನಲ್ಲಿ ಐಷಾರಾಮದ ಕಲ್ಪನೆಯನ್ನು ಹೇಗೆ ಕಟ್ಟುತ್ತವೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಟಿವಿ ಮತ್ತು ಮೊಬೈಲಿನ ಜಾಹೀರಾತುಗಳು ಪ್ರತ್ಯೇಕ ಅಧ್ಯಯನವನ್ನೇ ಬೇಡುವುದರಿಂದ ಅವುಗಳ ಪ್ರಸ್ತಾಪ ಇಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ ಬರುತ್ತದೆ. ಮೊದಲು ಕಾಗದ ಮತ್ತು ಬಣ್ಣದ ವಿಚಾರ, ಆಮೇಲೆ ಚಿತ್ರದೊಳಗೆ ಕಾಣುವ ಮನೆಯ ವಿಚಾರ, ಅನಂತರ ಸಂಶೋಧಕರು ಮಕ್ಕಳಲ್ಲಿ ಕಂಡುಕೊಂಡ ಸಂಗತಿಗಳು, ಕಡೆಗೆ ಕಾನೂನು ಮತ್ತು ತರಗತಿ. ಎರಡನೆಯ ಭಾಗಕ್ಕೆ ಹೆಚ್ಚು ಸಮಯ ಕೊಡಲಾಗಿದೆ, ಏಕೆಂದರೆ ಈ ಉಪನ್ಯಾಸದ ಮುಖ್ಯ ವಾದ ಇರುವುದು ಅಲ್ಲಿ. ವಾದ ಇಷ್ಟು: ಮಾರಾಟಕ್ಕಿಟ್ಟ ವಸ್ತುವಿಗಿಂತ ಅದರ ಸುತ್ತ ಬರೆದ ಮನೆ, ಉಡುಪು, ಮೈಬಣ್ಣ ಮತ್ತು ಬಿಡುವಿನಿಂದ ಮಗು ಸಿರಿತನವನ್ನು ಕಲಿಯುತ್ತದೆ. ಸೋಪು ಕೊಂಡ ಮನೆಯ ಮಗುವಿಗೂ ಕೊಳ್ಳದ ಮನೆಯ ಮಗುವಿಗೂ ಈ ಪಾಠ ಸಮನಾಗಿ ತಲುಪುತ್ತದೆ.

ಮೊದಲಿಗೆ ಕಾಗದದ ಮಾತು. ಕನ್ನಡದಲ್ಲಿ 'ಕಸ್ತೂರಿ' 1956ರಲ್ಲಿ, 'ಸುಧಾ' 1965ರಲ್ಲಿ, 'ತರಂಗ' 1983ರಲ್ಲಿ ಆರಂಭವಾದವು. ಬಹುಕಾಲ ಇಂತಹ ಪತ್ರಿಕೆಗಳ ಒಳಪುಟಗಳು ಹೆಚ್ಚಾಗಿ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಕಪ್ಪು ಶಾಯಿಯಿಂದಲೇ ಅಚ್ಚಾಗುತ್ತಿದ್ದವು. ಬಣ್ಣ ಮತ್ತು ನುಣುಪು ಕಾಗದ ಸಿಗುತ್ತಿದ್ದುದು ರಕ್ಷಾಪುಟಕ್ಕೆ. ಅದರ ನಾಲ್ಕು ಬದಿಗಳಲ್ಲಿ ಮುಂಬದಿ ಪತ್ರಿಕೆಯದು, ಉಳಿದ ಮೂರು ಸಾಮಾನ್ಯವಾಗಿ ಜಾಹೀರಾತುದಾರರ ಪಾಲು. ಲೇಖಕನ ಕಥೆ ಬೂದು ಕಾಗದದಲ್ಲಿ ಮಂಕಾಗಿ ಅಚ್ಚಾಗಿರುವಾಗ ಟೂತ್‌ಪೇಸ್ಟಿನ ಚಿತ್ರ ಹೊಳೆಯುತ್ತಿತ್ತು. ಮಗು ಯಾವುದನ್ನು ಬೆಲೆಯುಳ್ಳದ್ದು ಎಂದುಕೊಳ್ಳಬೇಕು ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬೆರಳಿಗೆ ನುಣುಪು ತಿಳಿಯುತ್ತಿತ್ತು, ಮೂಗಿಗೆ ಹೊಸ ಶಾಯಿಯ ವಾಸನೆ ತಿಳಿಯುತ್ತಿತ್ತು.

ದೀಪಾವಳಿ, ಯುಗಾದಿ ವಿಶೇಷಾಂಕಗಳು ಬಂದಾಗ ಈ ನುಣುಪಿನ ಪ್ರಮಾಣ ಏರುತ್ತಿತ್ತು. ಹಬ್ಬದ ಸಂಚಿಕೆ ದಪ್ಪಗಾಗುತ್ತಿದ್ದುದು ಕಥೆ, ಕವಿತೆಗಳಿಂದ ಮಾತ್ರವಲ್ಲ, ಸೀರೆ, ಒಡವೆ, ಮಿಕ್ಸಿ, ಬ್ಯಾಂಕಿನ ಠೇವಣಿಗಳ ಜಾಹೀರಾತಿನಿಂದಲೂ. ಹಬ್ಬ ಮತ್ತು ಕೊಳ್ಳುವಿಕೆ ಒಂದೇ ಹೊಲಿಗೆಯಲ್ಲಿ ಸೇರಿ ಮನೆಗೆ ಬರುತ್ತಿದ್ದವು.

ಜಾಹೀರಾತಿನ ಹಾಳೆಯೇ ಪತ್ರಿಕೆಯ ಅತ್ಯಂತ ಚೆಲುವಾದ ಹಾಳೆಯಾಗುವ ಈ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಚಿತ್ರಕಾರ ಜಾನ್ ಎವರೆಟ್ ಮಿಲೇ 1886ರಲ್ಲಿ ತನ್ನ ಮೊಮ್ಮಗನನ್ನು ಕೂರಿಸಿಕೊಂಡು ಒಂದು ಚಿತ್ರ ಮುಗಿಸಿದ. ಗುಂಗುರು ಕೂದಲಿನ ಹುಡುಗ, ಕೈಯಲ್ಲಿ ನೊರೆಗುಳ್ಳೆ ಊದುವ ಕೊಳವೆ, ಮೇಲೆ ತೇಲುವ ಒಂದು ಗುಳ್ಳೆ. 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯ ಮಾಲೀಕ ವಿಲಿಯಂ ಇಂಗ್ರಾಮ್ ಅದನ್ನು ಬಣ್ಣದ ಪುಟವಾಗಿ ಅಚ್ಚು ಹಾಕಿಸಲು ಕೊಂಡ. ಅವನಿಂದ ಪಿಯರ್ಸ್ ಸೋಪಿನ ಕಂಪನಿಯನ್ನು ನಡೆಸುತ್ತಿದ್ದ ಥಾಮಸ್ ಬ್ಯಾರಟ್ ಅದನ್ನು ಪಡೆದು, ಚಿತ್ರಕ್ಕೆ ಒಂದು ಸೋಪಿನ ತುಂಡನ್ನು ಸೇರಿಸಿ ಜಾಹೀರಾತು ಮಾಡಿಬಿಟ್ಟ. ಬಾಳಿನ ಕ್ಷಣಿಕತೆಯನ್ನು ನೆನಪಿಸುವ ಹಳೆಯ ಐರೋಪ್ಯ ಚಿತ್ರಸಂಪ್ರದಾಯಕ್ಕೆ ಸೇರಿದ್ದ ಆ ಗುಳ್ಳೆ ಸೋಪಿನ ಗುಳ್ಳೆಯಾಯಿತು. ಮಕಮಲ್ಲಿನ ಉಡುಪಿನ ಆ ಹುಡುಗ ಮುಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಅಡ್ಮಿರಲ್ ಆದ. ಆಗಲೂ ಜನ ಅವನನ್ನು ಆ ಚಿತ್ರದ ಹೆಸರಾದ 'ಬಬಲ್ಸ್' ಎಂದೇ ಕರೆಯುತ್ತಿದ್ದರು. ಪತ್ರಿಕೆಯ ಪುಟಕ್ಕೆ ಬಂದ ಸಿರಿವಂತ ಮಗುವಿನ ಮಾದರಿಗಳಲ್ಲಿ ಇದರಷ್ಟು ದೂರ ಸಾಗಿದವು ಕಡಿಮೆ. ನಯವಾದ ಕೆನ್ನೆ, ದುಬಾರಿ ಬಟ್ಟೆ, ಮಾಡಲು ಬೇರೆ ಕೆಲಸವಿಲ್ಲದ ಬಿಡುವು. ಆಮೇಲಿನ ಅಸಂಖ್ಯ ಜಾಹೀರಾತುಗಳಲ್ಲಿ ಈ ಮೂರೂ ಜೊತೆಯಾಗಿಯೇ ಕಾಣಿಸುತ್ತವೆ.

ಕರ್ನಾಟಕದ ಮಕ್ಕಳಿಗೆ ನುಣುಪು ಹಾಳೆ ಇನ್ನೊಂದು ದಿಕ್ಕಿನಿಂದಲೂ ಬರುತ್ತಿತ್ತು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಕನ್ನಡ ಆವೃತ್ತಿ ಅಗ್ಗವಾಗಿ ಸಿಗುತ್ತಿತ್ತು, ಅದರ ದಪ್ಪ ಹೊಳಪು ಹಾಳೆಗಳು ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಪಠ್ಯಪುಸ್ತಕಗಳ ಹೊದಿಕೆಯಾಗುತ್ತಿದ್ದವು. ಆ ಹಾಳೆಗಳಲ್ಲಿ ಸೋಪಿಲ್ಲ, ಸೀರೆಯಿಲ್ಲ. ಟ್ರ್ಯಾಕ್ಟರು, ಗೋಧಿಯ ಹೊಲ, ಅಣೆಕಟ್ಟು, ಬ್ಯಾಲೆ ನರ್ತಕಿಯರು, ಬಾಹ್ಯಾಕಾಶ ಯಾತ್ರಿಗಳು. ಅದೂ ಒಂದು ಬಗೆಯ ಪ್ರಚಾರವೇ, ಸಂಶಯವಿಲ್ಲ. ಆದರೆ ಹೊಳೆಯುವ ಕಾಗದದ ಮೇಲೆ ಕೊಳ್ಳಲಾಗದ ಸಂಗತಿಗಳೂ ಇರಬಹುದು ಎಂಬುದಕ್ಕೆ ಒಂದು ಇಡೀ ತಲೆಮಾರಿನ ಗಣಿತದ ಪುಸ್ತಕಗಳು ಸಾಕ್ಷಿಯಾಗಿದ್ದವು.

ಇನ್ನು ಎರಡನೆಯ ಭಾಗಕ್ಕೆ ಬರೋಣ. ಚಿತ್ರದೊಳಗಿನ ಮನೆ ಎಂದರೇನು?

ಹಾರ್ಲಿಕ್ಸನ್ನು ತೆಗೆದುಕೊಳ್ಳಬಹುದು. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಇಂಗ್ಲಿಷ್ ಸಹೋದರರು 1873ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಉದ್ಯಮ ಅದು. ಭಾರತದಲ್ಲಿ ಅದರ ಕಾರ್ಖಾನೆ 1960ರಲ್ಲಿ ಪಂಜಾಬಿನ ನಾಭಾದಲ್ಲಿ ಶುರುವಾಯಿತು. ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿ ಅದಕ್ಕಿದ್ದ ನಿಜವಾದ ಸ್ಥಾನ ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕಿತ್ತಳೆ ಹಣ್ಣಿನ ಜೊತೆ ಒಯ್ಯುವ ಗಾಜಿನ ಸೀಸೆ ಅದು. ಬಾಣಂತಿಗೆ, ಜ್ವರದಿಂದ ಎದ್ದವರಿಗೆ ಮೀಸಲು. ಮುಗಿದ ಮೇಲೆ ಸೀಸೆಗೆ ಉಪ್ಪಿನಕಾಯಿ ಸೇರುತ್ತಿತ್ತು. ಪತ್ರಿಕೆಯ ಜಾಹೀರಾತಿನಲ್ಲಿ ಮಾತ್ರ ಅದು ಕಾಯಿಲೆಯಿಲ್ಲದ, ದುಂಡಗಿನ, ಇಸ್ತ್ರಿಯ ಸಮವಸ್ತ್ರ ತೊಟ್ಟ ಮಕ್ಕಳ ನಿತ್ಯದ ಪಾನೀಯವಾಗಿತ್ತು. ರಾಗಿ ಅಂಬಲಿಯನ್ನೋ ಹುರಿಹಿಟ್ಟನ್ನೋ ಕುಡಿದು ಶಾಲೆಗೆ ಓಡುವ ಮಗು ಆ ಚಿತ್ರದಲ್ಲಿ ಪಾನೀಯವನ್ನಷ್ಟೇ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಲೋಟವಿಟ್ಟುಕೊಂಡು ಕುಡಿಯುವುದನ್ನು ನೋಡುತ್ತಿತ್ತು. ಅಮ್ಮ ಒಲೆಯ ಮುಂದೆ ಬೆವರದೆ, ಪಕ್ಕದಲ್ಲೇ ನಿಂತು ಮಗುವಿನ ತಲೆ ನೇವರಿಸುವುದನ್ನು ನೋಡುತ್ತಿತ್ತು. ಹೊಗೆ ಹಿಡಿದ ಅಡುಗೆಮನೆಯಲ್ಲಿ ಐದು ಜನರಿಗೆ ರೊಟ್ಟಿ ಬಡಿಯುವ ತಾಯಿಗೆ ಬೆಳಗಿನ ಆ ಹೊತ್ತಿನಲ್ಲಿ ತಲೆ ನೇವರಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಅಮ್ಮನ ಬಿಡುವು ಎಂಬುದೇ ಆ ಚಿತ್ರದ ಅತಿ ದುಬಾರಿ ವಸ್ತು. ಅದರ ಬೆಲೆ ಯಾವ ಜಾಹೀರಾತಿನಲ್ಲೂ ನಮೂದಾಗಿರುವುದಿಲ್ಲ.

ಇಂತಹ ಪುಡಿಗಳನ್ನು ಆರೋಗ್ಯ ಪಾನೀಯ ಎಂದು ಕರೆಯುವುದು ಈಚಿನವರೆಗೂ ನಡೆಯಿತು. 2024ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಬೋರ್ನ್‌ವಿಟಾ ಮೊದಲಾದವನ್ನು ಆ ವರ್ಗದಿಂದ ತೆಗೆಯುವಂತೆ ಸೂಚಿಸಿತು. ಹೆಸರು ಬದಲಾದರೂ ಚಿತ್ರದೊಳಗಿನ ಮನೆ ಹಾಗೆಯೇ ಇದೆ.

ಫ್ರಿಜ್ಜಿನ ಕಥೆ ಇನ್ನೂ ಸ್ವಾರಸ್ಯದ್ದು. ಜಾಹೀರಾತುಗಳು ಅದನ್ನು ಹಣ್ಣು, ಹಾಲು, ತಂಪು ಪಾನೀಯದ ಬಾಟಲಿಗಳಿಂದ ತುಂಬಿಸಿ, ಬಾಗಿಲು ತೆರೆದಿಟ್ಟು ತೋರಿಸಿದವು. ಮನೆಗೆ ನಿಜವಾದ ಫ್ರಿಜ್ಜು ಬಂದಾಗ ಎಷ್ಟೋ ಕುಟುಂಬಗಳು ಅದನ್ನು ಅಡುಗೆಮನೆಯಲ್ಲಿ ಇಡದೆ ಹಾಲ್‌ನಲ್ಲಿಟ್ಟವು. ಅದರ ಮೇಲೊಂದು ಕ್ರೋಶಾ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ. ಅಡುಗೆಮನೆಯಲ್ಲಿ ಜಾಗವಿರಲಿಲ್ಲ ಎಂಬುದೂ ನಿಜ, ಬಂದವರಿಗೆ ಕಾಣಲಿ ಎಂಬ ಆಸೆಯೂ ನಿಜ. ಪತ್ರಿಕೆಯ ಪುಟದಲ್ಲಿ ಅದನ್ನು ಕಂಡಂತೆಯೇ ಮನೆಯೊಳಗೂ ಅದು ಕಾಣಬೇಕಿತ್ತು.

1980ರ ದಶಕದ ಒನಿಡಾ ಟಿವಿಯ ಜಾಹೀರಾತು ಈ ಮನೋಭಾವವನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಕೊಂಬು, ಬಾಲವುಳ್ಳ ಹಸಿರು ಬಣ್ಣದ ಪಿಶಾಚಿ, ನೆರೆಯವರಿಗೆ ಹೊಟ್ಟೆಕಿಚ್ಚು, ಒಡೆಯನಿಗೆ ಹೆಮ್ಮೆ ಎಂಬ ಅರ್ಥದ ಘೋಷಣೆ. ದೊಡ್ಡವರು ಅದನ್ನು ತಮಾಷೆಯಾಗಿ ಕಂಡರು. ಪಕ್ಕದ ಮನೆಯ ಕಿಟಕಿಯಾಚೆ ನಿಂತು ರಾಮಾಯಣ ಧಾರಾವಾಹಿ ನೋಡುತ್ತಿದ್ದ ಮಗುವಿಗೆ ಆ ಮಾತು ತಮಾಷೆಯಾಗಿ ಕೇಳಿಸಿರಲಾರದು. ಐಷಾರಾಮವೆಂದರೆ ತನ್ನಲ್ಲಿ ಇರುವುದಷ್ಟೇ ಸಾಲದು, ಇನ್ನೊಬ್ಬರಲ್ಲಿ ಇಲ್ಲದಿರುವುದೂ ಬೇಕು ಎಂಬ ತರ್ಕ ಅಲ್ಲಿ ಮುದ್ರಿತವಾಗಿತ್ತು. ಕಿಟಕಿಯ ಆಚೆಗಿದ್ದ ಮಗುವಿನ ಪಾತ್ರವನ್ನೂ ಅದು ಮೊದಲೇ ಬರೆದಿಟ್ಟಿತ್ತು.

ಮೈಬಣ್ಣದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಫೇರ್ ಅಂಡ್ ಲವ್ಲಿ ಕ್ರೀಮು 1975ರಲ್ಲಿ ಮಾರುಕಟ್ಟೆಗೆ ಬಂತು, 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ತೆಗೆಯಿತು. ಅದೊಂದೇ ಅಪರಾಧಿ ಎನ್ನುವುದು ತಪ್ಪಾದೀತು. ಸೋಪು, ಬಿಸ್ಕತ್ತು, ಪ್ರೆಶರ್ ಕುಕ್ಕರ್, ಜೀವವಿಮೆ, ಯಾವುದನ್ನೇ ಮಾರಲಿ, ಪುಟದೊಳಗಿನ ಸುಖೀ ಕುಟುಂಬ ಬಹುಪಾಲು ಬೆಳ್ಳಗಿತ್ತು. ರಾಯಚೂರು, ಚಾಮರಾಜನಗರಗಳ ಬಿಸಿಲಿನಲ್ಲಿ ಆಡಿ ಬಂದ ಹುಡುಗಿ ಆ ಪುಟದಲ್ಲಿ ತನ್ನಂತಿರುವ ಒಬ್ಬರನ್ನೂ ಕಾಣಳು. ಅಂತಹ ಮನೆ ಅಂತಹ ಮೈಬಣ್ಣದವರಿಗೆ ಸೇರಿದ್ದು ಎಂಬ ಗಂಟು ಅವಳ ಮನಸ್ಸಿನಲ್ಲಿ ಬಿದ್ದರೆ ಅದನ್ನು ಬಿಚ್ಚಲು ಮುಂದೆ ಎಷ್ಟು ವರ್ಷ ಬೇಕೋ! ಜಾಹೀರಾತಿನ ಬಗ್ಗೆ ಹೇಳಬಹುದಾದ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಇದು. ಅಲ್ಲಿ ಇಲ್ಲದವರು ಯಾರು ಎಂಬುದನ್ನು ಮಗು ಬೇಗ ಕಂಡುಹಿಡಿಯುತ್ತದೆ.

ಚಿತ್ರದ ಮನೆಯ ಮೂಲಕ ಸಿರಿ ತೋರಿಸುವ ಈ ಬಗೆಗೆ ಕರ್ನಾಟಕದ್ದೇ ಆದ ಒಂದು ಭಿನ್ನ ಉದಾಹರಣೆಯಿದೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರ ಕಳಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಂಸ್ಥಾನ ತಾನೇ 1916ರಲ್ಲಿ ಗಂಧದೆಣ್ಣೆ ತೆಗೆಯಲಾರಂಭಿಸಿತು. ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ತಂತ್ರ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದಕ್ಕೆ ರೂಪ ಕೊಟ್ಟರು. ಅಂಡಾಕಾರದ ಬಿಲ್ಲೆ, ಸಿಂಹದ ಮೈಗೆ ಆನೆಯ ಮುಖವಿರುವ ಶರಭದ ಲಾಂಛನ, ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಪೆಟ್ಟಿಗೆ. ಇಲ್ಲಿ ಸಿರಿಯ ಭಾವ ಬರುವುದು ಯಾರದೋ ಬಂಗಲೆಯ ಚಿತ್ರದಿಂದಲ್ಲ, ಮಗು ಮೂಗಿಗೆ ಹಿಡಿದು ನೋಡಬಹುದಾದ ಪರಿಮಳದಿಂದ. ಹಬ್ಬದ ಎಣ್ಣೆನೀರಿನ ದಿನ ಬಚ್ಚಲುಮನೆಗೆ ಬರುತ್ತಿದ್ದ ಆ ಸೋಪು ಸವೆದು ಹೋದ ಮೇಲೂ ಖಾಲಿ ಪೆಟ್ಟಿಗೆ ಸೀರೆಯ ಮಡಿಕೆಯೊಳಗೆ ಉಳಿಯುತ್ತಿತ್ತು. ಲಕ್ಸ್ ಸೋಪು ಬೇರೆ ದಾರಿ ಹಿಡಿಯಿತು. ಭಾರತಕ್ಕೆ 1929ರಲ್ಲಿ ಬಂದ ಅದು 1941ರಲ್ಲಿ ನಟಿ ಲೀಲಾ ಚಿಟ್ನಿಸ್ ಅವರನ್ನು ಜಾಹೀರಾತಿಗೆ ತಂದಿತು. ಲೀಲಾ ಅವರು ಧಾರವಾಡದಲ್ಲಿ ಹುಟ್ಟಿದವರು. ಮನೆಯ ಬಚ್ಚಲಿನ ಒಂದು ತುಂಡು ಸೋಪಿಗೂ ಚಿತ್ರತಾರೆಯ ಬದುಕಿಗೂ ನಂಟು ಬೆಸೆದದ್ದು ಆ ಪುಟಗಳು. ಮೈಸೂರು ಸ್ಯಾಂಡಲ್ ಕೂಡ ಮುಂದೆ ದುಬಾರಿ ಸಿರಿತನದ ಕಡೆಗೆ ಸರಿಯಿತು. 2012ರಲ್ಲಿ ಬಂದ ಅದರ 'ಮಿಲೇನಿಯಂ' ಸೋಪಿನ 150 ಗ್ರಾಂ ಬಿಲ್ಲೆಗೆ 720 ರೂಪಾಯಿ ಬೆಲೆಯಿತ್ತು.

ಕೊರತೆಯ ಕಾಲದ ಜಾಹೀರಾತು ಕೂಡ ಗಮನಿಸತಕ್ಕದ್ದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯ ವರನಿಗೆ ಎಚ್‌ಎಂಟಿ ಕೊಡುವುದು ರೂಢಿಯಾಯಿತು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಆಗಿನ ಮಗು ಪುಟದಲ್ಲಿ ಕಂಡದ್ದನ್ನು ನಾಳೆಯೇ ಬೇಕೆಂದು ಹಟ ಹಿಡಿಯುವಂತಿರಲಿಲ್ಲ. ಅಪ್ಪನಿಗೂ ಅದು ಸಿಗುತ್ತಿರಲಿಲ್ಲ ಎಂಬುದು ಮಗುವಿಗೆ ಗೊತ್ತಿತ್ತು. ಆ ಕಾಯುವಿಕೆಯಲ್ಲಿ ವಸ್ತುವಿಗೆ ಒಂದು ಘನತೆ ಬರುತ್ತಿತ್ತು. ಅದನ್ನು ಗಳಿಸಬೇಕು, ಒಮ್ಮೆ ಬಂದರೆ ಬಾಳಿಸಬೇಕು. 1991ರ ಆರ್ಥಿಕ ಉದಾರೀಕರಣದ ನಂತರ ಪುಟಕ್ಕೂ ಅಂಗಡಿಗೂ ನಡುವಿನ ದೂರ ಕುಗ್ಗಿತು, ಮಗುವಿನ ಹಟಕ್ಕೆ ಅವಕಾಶ ಹಿಗ್ಗಿತು. ಹಳೆಯ ಕಾಲವೇ ಚೆನ್ನಾಗಿತ್ತು ಎಂಬುದು ಈ ಮಾತಿನ ಅರ್ಥವಲ್ಲ. ಕೊರತೆಯಲ್ಲಿ ಯಾರ ಬಾಲ್ಯವೂ ಹಸನಾಗುವುದಿಲ್ಲ.

ಮಕ್ಕಳ ಪತ್ರಿಕೆಗಳಲ್ಲೇ ಬಂದ ಜಾಹೀರಾತುಗಳನ್ನು ಪ್ರತ್ಯೇಕವಾಗಿ ನೋಡಬೇಕು. 'ಚಂದಮಾಮ' 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಗಿ ಬೇಗನೆ ಕನ್ನಡಕ್ಕೂ ಬಂತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಅಮರ ಚಿತ್ರಕಥೆ' 1967ರಲ್ಲಿ, 'ಟಿಂಕಲ್' 1980ರಲ್ಲಿ ಬಂದವು. ಇಂತಹ ಪತ್ರಿಕೆ, ಪುಸ್ತಕಗಳಲ್ಲಿ ಪಾರ್ಲೆಯ ಪಾಪಿನ್ಸ್ ಮಿಠಾಯಿ ರಾಮ್, ಶ್ಯಾಮ್ ಎಂಬ ಹುಡುಗರ ಪುಟ್ಟ ಚಿತ್ರಕಥೆಯಾಗಿ ಕಾಣಿಸಿಕೊಂಡಿತು. ಕ್ಯಾಮೆಲ್ ಬಣ್ಣದವರು ಚಿತ್ರಕ್ಕೆ ಬಣ್ಣ ತುಂಬುವ ಸ್ಪರ್ಧೆ ನಡೆಸಿದರು. ಬಿನಾಕಾ ಟೂತ್‌ಪೇಸ್ಟಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಪ್ರಾಣಿಗಳು ಬರುತ್ತಿದ್ದವು. ಮನೆಯ ಬಚ್ಚಲ ಗೂಡಿನಲ್ಲಿ ನಂಜನಗೂಡು ಹಲ್ಲುಪುಡಿಯ ಗುಲಾಬಿ ಪೊಟ್ಟಣ ಇತ್ತು, 1913ರಲ್ಲಿ ಸ್ಥಾಪನೆಯಾದ ಸದ್ವೈದ್ಯಶಾಲೆಯದು. ಹಲ್ಲು ಅದರಿಂದಲೂ ಶುಚಿಯಾಗುತ್ತಿತ್ತು, ಆದರೆ ಪುಡಿಯ ಜೊತೆ ಜಿರಾಫೆ ಬರುತ್ತಿರಲಿಲ್ಲ. ಮಕ್ಕಳಿಗೆ ಪೇಸ್ಟು ಬೇಕಾದದ್ದು ಹಲ್ಲಿಗಾಗಿ ಅಲ್ಲ ಎಂಬುದು ತಯಾರಕರಿಗೆ ಚೆನ್ನಾಗಿ ತಿಳಿದಿತ್ತು. ಕಥೆ ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಮೊದಲಾಯಿತು ಎಂಬ ಗೆರೆಯನ್ನು ಇಂತಹ ಪುಟಗಳು ಬೇಕೆಂದೇ ಅಳಿಸಿದವು.

ಆದರೂ ಆ ಪುಟಗಳೊಡನೆ ಮಕ್ಕಳು ಸ್ವತಂತ್ರವಾಗಿಯೂ ವರ್ತಿಸಿದರು ಎಂಬುದನ್ನು ಮರೆಯಬಾರದು. ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದರು, ಕಾರಿನ ಚಿತ್ರಗಳನ್ನು ಗೆಳೆಯರೊಡನೆ ವಿನಿಮಯ ಮಾಡಿಕೊಂಡರು, ಜಾಹೀರಾತಿನ ನಟಿಗೆ ಮೀಸೆ ಬರೆದರು. ಗುಡಿಸಲ ಗೋಡೆಗೆ ಅಂಟಿಸಿದ ಸೋಫಾಸೆಟ್ಟಿನ ಚಿತ್ರ ಆ ಗೋಡೆಯ ಅಲಂಕಾರವೂ ಆಗಿತ್ತು, ಮಗುವಿನ ಮನದ ಹಂಬಲವೂ ಆಗಿತ್ತು. ಇವೆರಡನ್ನು ಬೇರೆ ಮಾಡುವುದು ಸುಲಭವಲ್ಲ.

ಮೂರನೆಯ ಭಾಗಕ್ಕೆ ಹೋಗೋಣ. ಇಲ್ಲಿಯವರೆಗೆ ಹೇಳಿದ್ದು ಪುಟಗಳನ್ನು ನೋಡಿ ಮಾಡಿದ ಊಹೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮಕ್ಕಳ ಮನಸ್ಸಿನಲ್ಲಿ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ಆಧಾರಗಳಿವೆಯೇ?

ಕೆಲವಿವೆ. ಅವು ಹೆಚ್ಚಾಗಿ ಅಮೆರಿಕದವು, ಟಿವಿಗೆ ಸಂಬಂಧಿಸಿದವೂ ಅವುಗಳಲ್ಲಿ ಸೇರಿವೆ ಎಂಬ ಎಚ್ಚರ ಇಟ್ಟುಕೊಂಡೇ ನೋಡಬೇಕು. ಜೆರೋಮ್ ಬ್ರೂನರ್ ಮತ್ತು ಸಿಸಿಲ್ ಗುಡ್‌ಮನ್ 1947ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹತ್ತು ವರ್ಷದ ಮಕ್ಕಳಿಗೆ ಬೆಳಕಿನ ಒಂದು ವೃತ್ತವನ್ನು ಹಿಗ್ಗಿಸಿ ಕುಗ್ಗಿಸಿ ನಾಣ್ಯದ ಗಾತ್ರಕ್ಕೆ ಸರಿಹೊಂದಿಸಲು ಹೇಳಿದರು. ನಾಣ್ಯಗಳನ್ನು ಅವುಗಳ ನಿಜಗಾತ್ರಕ್ಕಿಂತ ದೊಡ್ಡದಾಗಿ ಕಾಣುವ ಪ್ರವೃತ್ತಿ ಬಡ ಮಕ್ಕಳಲ್ಲಿ ಸಿರಿವಂತ ಮಕ್ಕಳಿಗಿಂತ ಹೆಚ್ಚಾಗಿತ್ತು. ನಂತರದ ಪ್ರಯೋಗಗಳೆಲ್ಲ ಒಂದೇ ಫಲ ಕೊಡಲಿಲ್ಲ, ಮನೋವಿಜ್ಞಾನಿಗಳು ಅದರ ಬಗ್ಗೆ ವಾದ ಮಾಡುತ್ತ ಬಂದಿದ್ದಾರೆ. ಆದರೂ ಅದು ಎತ್ತಿದ ಪ್ರಶ್ನೆ ಈ ವಿಷಯಕ್ಕೆ ಬಹಳ ಹತ್ತಿರದ್ದು. ಒಂದೇ ಹಾಳೆಯನ್ನು ಇಬ್ಬರು ಮಕ್ಕಳು ನೋಡಿದಾಗ ಇಬ್ಬರೂ ಒಂದೇ ಚಿತ್ರವನ್ನು ನೋಡಿರುತ್ತಾರೆಯೇ?

1978ರಲ್ಲಿ ಮಾರ್ವಿನ್ ಗೋಲ್ಡ್‌ಬರ್ಗ್ ಮತ್ತು ಜೆರಾಲ್ಡ್ ಗಾರ್ನ್ ಪ್ರಕಟಿಸಿದ ಅಧ್ಯಯನ ಮನಸ್ಸನ್ನು ಕಲಕುವಂಥದ್ದು. ನಾಲ್ಕೈದು ವರ್ಷದ ಮಕ್ಕಳಲ್ಲಿ ಕೆಲವರಿಗೆ ಒಂದು ಆಟಿಕೆಯ ಜಾಹೀರಾತು ತೋರಿಸಿದರು, ಕೆಲವರಿಗೆ ತೋರಿಸಲಿಲ್ಲ. ಆಮೇಲೆ ಕೇಳಿದರು: ಆಟಿಕೆ ಇಲ್ಲದ ಒಳ್ಳೆಯ ಹುಡುಗನ ಜೊತೆ ಆಡುತ್ತೀಯೋ, ಆಟಿಕೆ ಇರುವ ಅಷ್ಟೇನೂ ಒಳ್ಳೆಯವನಲ್ಲದ ಹುಡುಗನ ಜೊತೆಯೋ? ಜಾಹೀರಾತು ನೋಡಿದ ಮಕ್ಕಳಲ್ಲಿ ಎರಡನೆಯ ಹುಡುಗನನ್ನು ಆರಿಸಿಕೊಂಡವರು ಹೆಚ್ಚು. ವಸ್ತುವೊಂದು ಗೆಳೆತನದ ಆಯ್ಕೆಯೊಳಗೆ ಇಷ್ಟು ಬೇಗ ಕಾಲಿಡುತ್ತದೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2007ರಲ್ಲಿ ಮೂರರಿಂದ ಐದು ವರ್ಷದ 63 ಮಕ್ಕಳಿಗೆ ಒಂದೇ ತಿನಿಸನ್ನು ಎರಡು ಬಗೆಯ ಹೊದಿಕೆಯಲ್ಲಿ ಕೊಟ್ಟರು. ಒಂದರ ಮೇಲೆ ಮೆಕ್‌ಡೊನಾಲ್ಡ್ಸ್ ಗುರುತು, ಇನ್ನೊಂದು ಬರಿ ಕಾಗದ. ಕ್ಯಾರೆಟ್ ಕೂಡ ಗುರುತಿನ ಹೊದಿಕೆಯಲ್ಲಿದ್ದದ್ದೇ ಹೆಚ್ಚು ರುಚಿ ಎಂದರು ಮಕ್ಕಳು.

ವಯಸ್ಸಿನ ಪ್ರಶ್ನೆಯನ್ನು ಡೆಬೊರಾ ರೋಡರ್ ಜಾನ್ 1999ರ ತಮ್ಮ ಸಮೀಕ್ಷಾ ಲೇಖನದಲ್ಲಿ ಬಿಡಿಸಿಟ್ಟರು. ಮೂರರಿಂದ ಏಳು ವರ್ಷದವರೆಗೆ ಮಗು ಕಣ್ಣಿಗೆ ಕಂಡದ್ದನ್ನು ನಂಬುವ ಹಂತ. ಏಳರಿಂದ ಹನ್ನೊಂದರವರೆಗೆ ಹೋಲಿಸಿ ನೋಡುವ, ಮಾರುವವರ ಉದ್ದೇಶ ಅರಿಯುವ ಹಂತ. ಹನ್ನೊಂದರಿಂದ ಹದಿನಾರರವರೆಗೆ ವಸ್ತುಗಳಿಗಿರುವ ಸಾಮಾಜಿಕ ಅರ್ಥವನ್ನು ಗ್ರಹಿಸುವ ಹಂತ. ಕೊನೆಯ ಈ ಹಂತದಲ್ಲೇ ಐಷಾರಾಮದ ಕಲ್ಪನೆ ಪೂರ್ತಿ ಬಲಿಯುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಮಾತ್ರ ಮಗು ಇನ್ನೂ ಪ್ರಶ್ನಿಸಲು ಕಲಿಯದ ಮೊದಲ ಹಂತದಲ್ಲಿ ಶೇಖರವಾಗಿರುತ್ತದೆ.

ಇದೇ ಡೆಬೊರಾ ಅವರು ಲ್ಯಾನ್ ಚಾಪ್ಲಿನ್ ಜೊತೆ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬಳಸಿದ ವಿಧಾನ ಕತ್ತರಿ, ಅಂಟಿನ ಜೊತೆ ಬೆಳೆದ ನಮ್ಮ ಮಕ್ಕಳಿಗೆ ಪರಿಚಿತವೆನಿಸೀತು. ತಮಗೆ ಸಂತೋಷ ಕೊಡುವುದು ಯಾವುದು ಎಂಬುದನ್ನು ಹವ್ಯಾಸ, ಜನ, ಆಟ, ಸಾಧನೆ, ವಸ್ತು ಹೀಗೆ ಹಲವು ಬಗೆಯ ಚೀಟಿಗಳಿಂದ ಆರಿಸಿ ಒಂದು ಹಲಗೆಯ ಮೇಲೆ ಚಿತ್ರಪಟವಾಗಿ ಜೋಡಿಸುವಂತೆ ಮಕ್ಕಳಿಗೆ ಹೇಳಿದರು. ಎಂಟು ಒಂಬತ್ತು ವರ್ಷದವರಿಗಿಂತ ಹನ್ನೆರಡು ಹದಿಮೂರು ವರ್ಷದವರ ಪಟದಲ್ಲಿ ವಸ್ತುಗಳು ಹೆಚ್ಚಾದವು, ಹದಿನಾರು ದಾಟಿದವರಲ್ಲಿ ಮತ್ತೆ ಇಳಿದವು. ಹನ್ನೆರಡು ಹದಿಮೂರರ ಹೊತ್ತಿಗೆ ತನ್ನ ಬಗ್ಗೆ ತನಗಿರುವ ವಿಶ್ವಾಸ ಕುಗ್ಗುವುದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ಅವರ ತೀರ್ಮಾನ. ಜೊತೆಯ ಮಕ್ಕಳು ಬರೆದುಕೊಟ್ಟ ಮೆಚ್ಚುಗೆಯ ಮಾತುಗಳನ್ನು ಓದಿದ ಮೇಲೆ ಆ ವಯಸ್ಸಿನವರ ಪಟಗಳಲ್ಲಿ ವಸ್ತುಗಳ ಸಂಖ್ಯೆ ತಗ್ಗಿತು. ಏಳನೆಯ, ಎಂಟನೆಯ ತರಗತಿಗೆ ಪಾಠ ಹೇಳುವ ಅಧ್ಯಾಪಕರು ಈ ಸಭೆಯಲ್ಲಿದ್ದಾರೆ. ಇಡೀ ಉಪನ್ಯಾಸದಲ್ಲಿ ಅವರು ನೆನಪಿಟ್ಟುಕೊಳ್ಳಬೇಕಾದ ಸಂಗತಿ ಒಂದಿದ್ದರೆ ಅದು ಇದು.

ಇನ್ನು ಕಾನೂನಿನ ಕಡೆಗೆ ಒಂದು ನೋಟ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1980ರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ವಾಣಿಜ್ಯ ಜಾಹೀರಾತುಗಳನ್ನು ನಿಷೇಧಿಸಿದೆ. ಆ ದೇಶದ ಸುಪ್ರೀಂ ಕೋರ್ಟು 1989ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ಕಟ್ಟುನಿಟ್ಟಿನ ನಿಯಮದಲ್ಲೂ ಮಾರಾಟಕ್ಕಿರುವ ಮಕ್ಕಳ ನಿಯತಕಾಲಿಕಗಳಿಗೆ ಕೆಲವು ಷರತ್ತುಗಳೊಡನೆ ವಿನಾಯಿತಿ ಇದೆ. ಜಾಹೀರಾತಿನ ಹಣವಿಲ್ಲದೆ ಮಕ್ಕಳ ಪತ್ರಿಕೆ ಬದುಕುವುದು ಕಷ್ಟ ಎಂಬ ವಾಸ್ತವ ಎಲ್ಲ ಕಡೆಯೂ ಒಂದೇ. 'ಚಂದಮಾಮ'ದ ಮುದ್ರಣವೂ ಕಡೆಗೆ ನಿಂತುಹೋಯಿತು. ಮಕ್ಕಳ ಪತ್ರಿಕೆಗಳನ್ನು ಪ್ರೀತಿಸುವವರು ಜಾಹೀರಾತನ್ನು ಸುಮ್ಮನೆ ಶಪಿಸಿ ಮುಗಿಸುವಂತಿಲ್ಲ.

ಭಾರತದಲ್ಲಿ ಒಂದು ವಿಷಯದಲ್ಲಿ ಕಾನೂನು ದೃಢವಾಗಿ ನಿಂತಿತು. ದುಂಡು ಕೆನ್ನೆಯ ಶಿಶುಗಳ ಚಿತ್ರ ತೋರಿಸಿ ಡಬ್ಬದ ಹಾಲಿನಪುಡಿ ಮಾರುತ್ತಿದ್ದುದನ್ನು 1992ರ ಕಾಯಿದೆ ನಿಲ್ಲಿಸಿತು, 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಶಿಶು ಆಹಾರದ ಡಬ್ಬದ ಮೇಲೂ ಮಗುವಿನ ಚಿತ್ರ ಹಾಕುವಂತಿಲ್ಲ. ಆ ಕಾಯಿದೆಯ ಹಿಂದೆ ಮಕ್ಕಳ ವೈದ್ಯರ, ತಾಯಿಹಾಲಿನ ಪರವಾಗಿ ದುಡಿದವರ ಶ್ರಮವಿದೆ. ಪತ್ರಿಕೆಯ ಪುಟದಿಂದ ಒಂದು ಜಾತಿಯ ಜಾಹೀರಾತೇ ಕಣ್ಮರೆಯಾಯಿತು, ಪತ್ರಿಕೆಗಳು ಮುಚ್ಚಲಿಲ್ಲ. 2022ರ ಜೂನ್‌ನಲ್ಲಿ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳ ಕುರಿತು ಪ್ರತ್ಯೇಕ ಭಾಗವಿದೆ. ವಸ್ತುವನ್ನು ಕೊಳ್ಳದ ಮಗು ನಗೆಪಾಟಲಾದೀತು, ಇತರರಿಗಿಂತ ಕೀಳಾದೀತು ಎಂದು ಸೂಚಿಸಬಾರದು, ಮಕ್ಕಳ ಅನನುಭವದ ಲಾಭ ಪಡೆಯಬಾರದು, ತಂದೆತಾಯಿಯನ್ನು ಕೊಳ್ಳುವಂತೆ ಒತ್ತಾಯಿಸಲು ಮಕ್ಕಳಿಗೆ ನೇರವಾಗಿ ಹೇಳಬಾರದು ಎಂದು ಅದು ವಿಧಿಸುತ್ತದೆ. ಬಹಳ ಒಳ್ಳೆಯ ಮಾತುಗಳು. ಆದರೆ ಇವು ಮಕ್ಕಳನ್ನು ಗುರಿಯಾಗಿಸಿದ ಅಥವಾ ಮಕ್ಕಳನ್ನು ಬಳಸಿಕೊಂಡ ಜಾಹೀರಾತುಗಳಿಗೆ ಅನ್ವಯಿಸುತ್ತವೆ. ಭಾನುವಾರದ ಪುರವಣಿಯಲ್ಲಿ ಇಡೀ ಪುಟ ತುಂಬಿದ, ಈಜುಕೊಳವುಳ್ಳ ಬೆಂಗಳೂರಿನ ಅಪಾರ್ಟ್‌ಮೆಂಟಿನ ಚಿತ್ರ ದೊಡ್ಡವರಿಗಾಗಿ ಇರುವುದು. ಅದನ್ನು ನೆಲದ ಮೇಲೆ ಹರಡಿಕೊಂಡು ನೋಡುವ ಎಂಟು ವರ್ಷದ ಮಗು ಯಾವ ನಿಯಮದ ಕಣ್ಣಿಗೂ ಬೀಳುವುದಿಲ್ಲ.

ಅಲ್ಲಿ ಉಳಿಯುವುದು ತರಗತಿ ಮತ್ತು ಸಂಪಾದಕರ ಮೇಜು. ಲೇಖನದ ವೇಷದಲ್ಲಿ ಬರುವ ಮಾರಾಟದ ಪುಟದ ತಲೆಯ ಮೇಲೆ ಜಾಹೀರಾತು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಸಂಪಾದಕರ ಕೈಯಲ್ಲಿದೆ. ತರಗತಿಯ ಕೆಲಸಕ್ಕೆ ದುಡ್ಡು ಬೇಕಿಲ್ಲ, ಹಳೆಯ ಪತ್ರಿಕೆಗಳು ಸಾಕು. ಐದನೆಯ ತರಗತಿಯ ಮಕ್ಕಳ ಗುಂಪಿಗೆ ಒಂದೊಂದು ಜಾಹೀರಾತಿನ ಪುಟ ಕೊಟ್ಟು, ಮಾರುತ್ತಿರುವ ವಸ್ತುವನ್ನು ಕಾಗದದ ಚೂರಿನಿಂದ ಮುಚ್ಚಿಸಬೇಕು. ಉಳಿದ ಚಿತ್ರದ ಬಗ್ಗೆ ಪ್ರಶ್ನೆ ಕೇಳಬೇಕು. ಈ ಮನೆಯಲ್ಲಿ ಎಷ್ಟು ಜನ ಇದ್ದಾರೆ? ಅಜ್ಜಿ ಎಲ್ಲಿ? ಪಾತ್ರೆ ತೊಳೆಯುವವರು ಯಾರು, ಅವರು ಚಿತ್ರದಲ್ಲಿ ಏಕೆ ಇಲ್ಲ? ಇಲ್ಲಿ ಕೆಲಸ ಮಾಡುತ್ತಿರುವವರು ಯಾರಾದರೂ ಕಾಣುತ್ತಾರೆಯೇ? ನಿಮ್ಮ ಮನೆಯಲ್ಲಿ ಇದ್ದು ಈ ಮನೆಯಲ್ಲಿ ಇಲ್ಲದ್ದು ಏನು? ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಮಕ್ಕಳಿಗೆ ಬೇಕಾದಷ್ಟು ಸಮಯ ಕೊಡಬೇಕು. ಬರೆದದ್ದನ್ನು ಅವರವರೇ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಪುಟದ ಮೇಲಿನ ಕಾಗದದ ಚೂರನ್ನು ಅದರ ನಂತರ ತೆಗೆದರಾಯಿತು.